ಇಪ್ಪತ್ತೆಂಟನೆಯ ದಿನ

ಇಪ್ಪತ್ತೆಂಟನೆಯ ದಿನ ಪೆಟ್ಟಿಗೆ ಇಡಬೇಕು.
ಮೊದಲೇ ಇಟ್ಟರೆ ಅದರಲ್ಲೇ ಕೂತು ಹೊಲಸು ಮಾಡುತ್ತದೆ,
ತಡವಾದರೆ ತಂತಿಯ ಮೇಲೆಯೇ ಹೆರುತ್ತದೆ.
ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನ ಸೊನ್ನೆ ಸುತ್ತಿದ್ದೇನೆ, ಮಾರ್ಚ್ ಹನ್ನೊಂದು.
ಹೊರಗೆ ಸೊನ್ನೆಗಿಂತ ಹದಿನಾರು ಕೆಳಗೆ.

ನಾನು ಟಪಾಲಿನ ಹೆಲ್ವಿ.
ಎಸ್ಟೋನಿಯದ ಈ ಮೂಲೆಯ ಹದಿನೇಳು ಮನೆಗಳಿಗೆ
ಕಾಲಿಗೆ ಹಲಗೆ ಕಟ್ಟಿ ಹಿಮದಲ್ಲಿ ಜಾರುತ್ತ ಹೋಗಿ
ಕಾಗದ ಕೊಟ್ಟು ಮಾತು ತರುವವಳು.
ಈ ವಾರ ಹೋದಲ್ಲೆಲ್ಲ ಒಂದೇ ಕೇಳಿದೆ:
ಪೆಟ್ಟಿಗೆಯೊಳಗೆ ಏನು ತುಂಬಲಿ?

ಗರಗಸದ ಮಿಲ್ಲಿನ ಹೆಲ್ದುರ್ ಗೋಣಿ ತುಂಬ ಹೊಟ್ಟು ಕೊಟ್ಟ, ಪುಕ್ಕಟೆ.
ಹುಟ್ಟಿದ ಮರಿಗೆ ಕಣ್ಣು ಮುಚ್ಚಿರುತ್ತದೆ ಮಾರಾಯ,
ಮೂಗು ಮುಚ್ಚಿರುವುದಿಲ್ಲ, ಎಂದೆ.
ಗೊಣಗುತ್ತ ಕೀಸುಳಿ ಹಿಡಿದು
ಆಸ್ಪೆನ್ ಮರದ ಸುರುಳಿ ತೆಗೆದುಕೊಟ್ಟ.
ಪೈನ್ ಬೇಡ, ಅದರ ಘಾಟು ನನ್ನ ತಲೆಗೇ ಹತ್ತುತ್ತದೆ.

ಟಾರ್ಟುವಿನಿಂದ ಬಂದ ಹೊಸ ಜೋಡಿ
ತಗಡಿನ ಪೆಟ್ಟಿಗೆ ತೋರಿಸಿತು, ಫಳಫಳ.
ತೊಳೆಯಬಹುದಂತೆ.
ತೊಳೆಯಬಹುದು, ನಿಜ.
ಉಸಿರು ತಗಡಿಗೆ ತಾಗಿ ನೀರಾಗಿ
ಮರಿಯ ಬೆನ್ನಿಗೇ ತೊಟ್ಟಿಕ್ಕುವುದನ್ನೂ ನೋಡಬಹುದು.

ನರ್ಸ್ ಆಗಿದ್ದ ವಿರ್ವೆ
ಹತ್ತಿಯ ಸುರುಳಿಯನ್ನೇ ಕೈಗಿತ್ತಳು, ನೀಲಿ ಕಾಗದದಲ್ಲಿ.
"ಎಳೆಯದಕ್ಕೆ ಮೆತ್ತನೆಯದು," ಎಂದಳು.
ಹೋದ ವರ್ಷವೂ ಕೊಟ್ಟಿದ್ದಳು, ಹಾಕಿಯೂ ಇದ್ದೆ.
ಒಂದೆಳೆ ಮರಿಯ ಹಿಂಗಾಲಿಗೆ ಸುತ್ತಿಕೊಂಡಿತ್ತು.
ಬ್ಲೇಡಿನಿಂದ ಬಿಡಿಸಿದೆ. ಕಾಲು ನೀಲಿಯಾಗಿತ್ತು,
ನಾಲ್ಕನೆಯ ದಿನ ಉದುರಿತು.
ಅವಳಿಗೆ ಹೇಳಲಿಲ್ಲ.
ಈ ಸಲವೂ "ಉಪಕಾರವಾಯಿತು" ಎಂದೆ,
ತಿರುವಿನಾಚೆ ನಿಂತು ಅಷ್ಟನ್ನೂ ಬೂಟಿನೊಳಗೆ ತುರುಕಿಕೊಂಡೆ.

ಹಲಗೆ ಮಾತ್ರ ನನ್ನದೇ.
ಅಂಚೆ ಕಚೇರಿ ಮುಚ್ಚಿದ ದಿನ ಹೊರಗೆಸೆದ
ಕಾಗದ ವಿಂಗಡಿಸುವ ಗೂಡು, ಬರ್ಚ್ ಮರದ್ದು.
ಗೂಡು ಬಿಚ್ಚಿ ಗೂಡು ಮಾಡಿದೆ:
ಉದ್ದ ಎರಡು ಗೇಣು, ಅಗಲ ಒಂದು ಗೇಣು ನಾಲ್ಕು ಬೆರಳು,
ಮೊಲೆ ಕಚ್ಚಿದ ಮರಿ ತಾಯಿಯ ಹಿಂದೆ ಹೊರಬೀಳದಂತೆ
ಬಾಗಿಲಿಗೆ ಎತ್ತರದ ಹೊಸ್ತಿಲು,
ಉಚ್ಚೆ ಇಳಿಯಲು ತಳದಲ್ಲಿ ಒಂಬತ್ತು ತೂತು.
ಒಳಮೈಯಲ್ಲಿ ಇನ್ನೂ ಮಸಿಯ ಹೆಸರುಗಳಿವೆ,
ಈಗ ಬಾಗಿಲು ತೆರೆಯದ ಮನೆಗಳವು.

ಅದರ ಮೇಲೆ ಸುರುಳಿ, ನಾಲ್ಕು ಬೆರಳಷ್ಟು.
ಆಮೇಲೆ ಓಟ್ಸಿನ ಹುಲ್ಲು, ಒತ್ತಿ ಒತ್ತಿ.
ಕಡ್ಡಿ ಟೊಳ್ಳು. ಆ ಟೊಳ್ಳಿನ ಗಾಳಿಯೇ ಕಂಬಳಿ.
ನಡುವೆ ಮುಷ್ಟಿಯಿಂದ ಒಂದು ಗುಳಿ.

ಮೂವತ್ತನೆಯ ಸಂಜೆ ಅವಳು ಬಾಯಿತುಂಬ ಹುಲ್ಲು ಕಚ್ಚಿ
ದೊಡ್ಡ ಮೀಸೆಯ ಹವಾಲ್ದಾರನಂತೆ ತಿರುಗಾಡಿದಳು.
ನಕ್ಕು ಮಲಗಿದೆ.

ನಸುಕಿನ ನಾಲ್ಕಕ್ಕೆ ಟಾರ್ಚು ಬಿಟ್ಟರೆ
ಏಳು ಮರಿ, ಹೆಬ್ಬೆರಳಷ್ಟು, ಬೋಳು ಬೋಳು.
ಚೊಚ್ಚಲ ಬಾಣಂತಿ ಎದೆಯ ತುಪ್ಪಳ
ಒಂದೆಳೆಯೂ ಕಿತ್ತಿರಲಿಲ್ಲ.
ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು,
ಇದೆಲ್ಲ ಯಾರದು ಎಂಬಂತೆ.
ಎರಡು ಮರಿ ತಂತಿಯ ಮೇಲೆ. ಒಂದು ಆಗಲೇ ಕಲ್ಲು.
ಇನ್ನೊಂದನ್ನು ರವಿಕೆಯೊಳಗೆ ಇಳಿಸಿದೆ,
ಎದೆ ಝುಮ್ಮೆಂದಿತು.

ಆಗ ನೆನಪಾದದ್ದು ಅಟ್ಟದ ಹಿಟ್ಟಿನ ಚೀಲ.
ಮುಸ್ತಿಕಾ ಪ್ರತಿ ಹೆರಿಗೆಗೂ ಬೇಕಾದುದಕ್ಕಿಂತ ಹೆಚ್ಚು ಕೀಳುತ್ತಿದ್ದಳು.
ಉಳಿದದ್ದನ್ನು ಒಲೆಯ ಹದಬಿಸಿಗೆ ಒಣಗಿಸಿ ಕಟ್ಟಿಡುತ್ತಿದ್ದೆ,
ಯಾಕೆಂದು ಕೇಳಿದರೆ ಗೊತ್ತಿಲ್ಲ.
ಅವಳು ಸತ್ತದ್ದು ಅಕ್ಟೋಬರಿನಲ್ಲಿ.
ಗಂಟು ಬಿಚ್ಚಿದೆ. ಬೂದಿಬಣ್ಣದ ಹೊಗೆಯಂತೆ ಉಬ್ಬಿ ಬಂತು,
ಇಷ್ಟು ದಿನ ಉಸಿರು ಹಿಡಿದಿದ್ದ ಹಾಗೆ.
ಗುಳಿಗೆ ಹಾಸಿದೆ, ಮೇಲೂ ಹೊದಿಸಿದೆ.
ಕೈ ತೆಗೆದು ಕಾದೆ.
ಸ್ವಲ್ಪ ಹೊತ್ತಿಗೆ ಹೊದಿಕೆ
ತಾನಾಗಿ ಏರಿತು, ಇಳಿಯಿತು, ಏರಿತು.

ಬೆಳಗಾದ ಮೇಲೆ ಹೊಸಬಳು ಹೊಸ್ತಿಲು ದಾಟಿ
ಮೂಸಿದಳು. ಬಹಳ ಹೊತ್ತು ಮೂಸಿದಳು.
ನಾನು ಟಪಾಲಿಗೆ ಹೊರಟೆ.

ವಿರ್ವೆ ಗೇಟಿನಲ್ಲೇ ಕಾಯುತ್ತಿದ್ದಳು:
"ಹತ್ತಿ ಉಪಯೋಗಕ್ಕೆ ಬಂತೇ?"
"ಬೆಚ್ಚಗಿದೆ," ಎಂದೆ,
ಬೂಟಿನೊಳಗೆ ಬೆರಳು ಆಡಿಸುತ್ತ.